ಯುಎಸ್‌ಬಿ ಕಂಡೆನ್ಸರ್ ಮೈಕ್: ದೋಷವಿರುವುದು ತಂತಿಯ ಯಾವ ಕಡೆ?

ಮೈಕ್ ಕೆಟ್ಟಿದೆ ಎಂದು ಕರೆದವರ ಮನೆಗೆ ಹೋಗಿ ನೋಡಿದರೆ, ನಾನು ಕಂಡ ಮಟ್ಟಿಗೆ, ಮೈಕ್ ನಿಜವಾಗಿಯೂ ಕೆಟ್ಟಿರುವುದು ಅಪರೂಪ. ಒಂದೋ ಕಂಪ್ಯೂಟರ್ ಬೇರೆ ಯಾವುದೋ ಮೈಕಿನಿಂದ ಧ್ವನಿ ತೆಗೆದುಕೊಳ್ಳುತ್ತಿರುತ್ತದೆ, ಇಲ್ಲವೇ ಮೈಕಿನ ಮೈಮೇಲಿರುವ ಮ್ಯೂಟ್ ಗುಂಡಿಗೆ ಕೈ ತಾಗಿ ಧ್ವನಿ ನಿಂತಿರುತ್ತದೆ, ಅದೂ ಅಲ್ಲವಾದರೆ ಕೇಬಲ್ ಬರಿಯ ಚಾರ್ಜಿಂಗ್‌ಗೆಂದು ಮಾಡಿದ್ದಾಗಿರುತ್ತದೆ. ಕೊಡಗಿನಲ್ಲಿ ಇವುಗಳ ಜೊತೆಗೆ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಮೊದಲನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕ ಯಾವುದನ್ನೂ ಬಿಡದ ತೇವ. ಎರಡನೆಯದು ಗಾಳಿಮಳೆಗೆ ಮರದ ಕೊಂಬೆ ಬಿದ್ದಾಗಲೆಲ್ಲ ಮನೆಯ ವಿದ್ಯುತ್ತು ಇನ್ವರ್ಟರಿಗೆ ಬದಲಾಗುವುದು. ಆದ್ದರಿಂದ ಇಲ್ಲಿ ಮೈಕನ್ನು ಪರೀಕ್ಷಿಸುವ ಕ್ರಮವೂ ತುಸು ಬೇರೆಯಾಗಿರಬೇಕಾಗುತ್ತದೆ.

ಕ್ರಮಕ್ಕೆ ಮೊದಲು ಈ ಉಪಕರಣದ ಒಳಗೇನಿದೆ ಎಂಬುದನ್ನು ತಿಳಿದಿರಬೇಕು. ಜಾಲರಿಯ ಹಿಂದೆ ಲೋಹ ಲೇಪಿಸಿದ, ಕೂದಲಿಗಿಂತಲೂ ತೆಳುವಾದ ಒಂದು ಪೊರೆಯಿದೆ. ಅದರ ಹಿಂದೆ ಅತಿ ಸಣ್ಣ ಅಂತರ ಬಿಟ್ಟು ಒಂದು ಲೋಹದ ಫಲಕವಿದೆ. ಇವೆರಡರ ನಡುವೆ ವಿದ್ಯುದಾವೇಶ ನಿಂತಿರುತ್ತದೆ. ಧ್ವನಿಗೆ ಪೊರೆ ಅಲುಗಿದಾಗ ಅಂತರ ಬದಲಾಗಿ ಸೂಕ್ಷ್ಮವಾದ ವಿದ್ಯುತ್ ಸಂಕೇತ ಹುಟ್ಟುತ್ತದೆ, ಅದನ್ನು ಪಕ್ಕದಲ್ಲೇ ಇರುವ ವರ್ಧಕ ಹಿಗ್ಗಿಸುತ್ತದೆ, ಕೊನೆಗೆ ಒಂದು ಚಿಪ್ ಅದನ್ನು ಅಂಕಿಗಳನ್ನಾಗಿ ಮಾಡಿ ಯುಎಸ್‌ಬಿ ತಂತಿಗೆ ಕೊಡುತ್ತದೆ. ಅಂದರೆ ಇದು ಮೈಕ್ ಮತ್ತು ಸೌಂಡ್ ಕಾರ್ಡ್ ಎರಡೂ ಒಂದೇ ಡಬ್ಬಿಯಲ್ಲಿರುವ ಸಾಧನ. ಸ್ಟುಡಿಯೋಗಳಲ್ಲಿ ಬಳಸುವ, ಮೂರು ಕಡ್ಡಿಯ ಕೇಬಲಿನ ಕಂಡೆನ್ಸರ್ ಮೈಕುಗಳಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತು ಇದಕ್ಕೆ ಬೇಡ. ಯುಎಸ್‌ಬಿ ಕೊಡುವ 5 ವೋಲ್ಟ್ ಸಾಕು. ಮೈಕಿನಿಂದ ಸದ್ದು ಬರುತ್ತಿಲ್ಲವೆಂದು ಫ್ಯಾಂಟಮ್ ಡಬ್ಬಿ ಕೊಳ್ಳಲು ಹೊರಟವರನ್ನು ನಾನು ಕಂಡಿದ್ದೇನೆ, ಅದಕ್ಕಾಗಿ ಈ ಮಾತು.

ಹೀಗೆ ಎರಡು ಸಾಧನಗಳು ಒಂದರಲ್ಲೇ ಇರುವುದರಿಂದ ದೋಷವೂ ಎರಡು ಕಡೆ ಇರಬಹುದು: ಒಂದು ಪೊರೆಯಿಂದ ಚಿಪ್‌ವರೆಗಿನ ಕಡೆ, ಇನ್ನೊಂದು ತಂತಿಯಿಂದ ಆಚೆಗಿನ ಕಂಪ್ಯೂಟರಿನ ಕಡೆ. ಯಾವ ಕಡೆ ಎಂಬುದನ್ನು ಮೊದಲು ನಿರ್ಧರಿಸದೆ ಸೆಟ್ಟಿಂಗುಗಳನ್ನು ಬದಲಾಯಿಸುತ್ತ ಹೋದರೆ, ಸರಿಯಿದ್ದದ್ದೂ ಕೆಡುತ್ತದೆ.

ಇದನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಸಮಯದಲ್ಲಿ ನಮ್ಮ ಹಳೆಯ ಮನೆಯಲ್ಲಿ ನಾಲ್ವರು ಹಿರಿಯರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡಲು ಕುಳಿತಾಗ, ಹೊಸದಾಗಿ ತಂದಿದ್ದ ಮೈಕನ್ನು ಅವರ ಮುಂದೆ ಮೊಗಚಿ ಹಾಕಿದ ಸ್ಟೂಲಿನ ಮೇಲಿಟ್ಟು, ಲ್ಯಾಪ್‌ಟಾಪನ್ನು ಕೋಣೆಯ ಮೂಲೆಯ ಮೇಜಿನ ಮೇಲಿಟ್ಟೆ. ಮೈಕಿನ ದೀಪ ಹಸಿರಾಗಿತ್ತು, ಪರದೆಯ ಮೇಲೆ ಸದ್ದಿನ ಮಟ್ಟದ ಪಟ್ಟಿ ಕುಣಿಯುತ್ತಿತ್ತು. ಒಂದು ಗಂಟೆಯ ಹಾಡುಗಾರಿಕೆ ಮುಗಿದ ಮೇಲೆ ಕೇಳಿದರೆ, ದುಡಿಯ ಸದ್ದು ಎಲ್ಲೋ ಬಾವಿಯೊಳಗಿಂದ ಬಂದಂತೆ, ಅದರ ಮೇಲೆ ಲ್ಯಾಪ್‌ಟಾಪಿನ ಫ್ಯಾನಿನ ಮೊರೆತ. ರೆಕಾರ್ಡ್ ಆದದ್ದು ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನ ಒಳಗಿನ ಮೈಕಿನಿಂದ. "ಇನ್ನೊಮ್ಮೆ ಹಾಡಬಹುದಾ ಮಾವ?" ಎಂದು ಕೇಳಿದೆ. "ಗಂಟಲು ಒಣಗಿ ಹೋಯ್ತಪ್ಪ, ಇನ್ನು ಮುಂದಿನ ವರ್ಷವೇ" ಎಂದರು.

ಅಂದಿನಿಂದ ನನ್ನ ಮೊದಲ ಪರೀಕ್ಷೆ ಉಗುರಿನದು. ರೆಕಾರ್ಡಿಂಗ್ ತಂತ್ರಾಂಶವನ್ನು ತೆರೆದು, ಮಾತಾಡದೆ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಬೇಕು. ಆಮೇಲೆ ಲ್ಯಾಪ್‌ಟಾಪಿನ ಕೀಲಿಮಣೆಯ ಸುತ್ತಲೂ ಹಾಗೆಯೇ ಕೆರೆಯಬೇಕು. ಯಾವುದನ್ನು ಕೆರೆದಾಗ ಮಟ್ಟದ ಪಟ್ಟಿ ಜಿಗಿಯುತ್ತದೆಯೋ ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿರುವುದು ಅದನ್ನೇ. ಮಾತಾಡಿ ಅಥವಾ ಚಪ್ಪಾಳೆ ತಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ಆ ಸದ್ದು ಎರಡು ಮೈಕುಗಳಿಗೂ ತಲಪುತ್ತದೆ. ಸಭೆಗಳಲ್ಲಿ ಮಾಡುವಂತೆ ಮೈಕಿಗೆ "ಫೂ" ಎಂದು ಊದುವುದನ್ನಂತೂ ಪೂರ್ತಿ ಬಿಡಬೇಕು. ಆ ತೆಳುವಾದ ಪೊರೆಗೆ ಉಸಿರಿನ ಒತ್ತಡವೂ ಅದರೊಳಗಿನ ತೇವವೂ ಒಟ್ಟಿಗೇ ಹೊಡೆಯುತ್ತವೆ.

ಕೆರೆದಾಗ ಯಾವ ಪಟ್ಟಿಯೂ ಅಲುಗದಿದ್ದರೆ, ಕಂಪ್ಯೂಟರಿಗೆ ಮೈಕ್ ಕಾಣಿಸುತ್ತಿದೆಯೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್, ಅದರೊಳಗೆ ಸೌಂಡ್, ಅಲ್ಲಿ ಇನ್‌ಪುಟ್ ಎಂಬ ಭಾಗದಲ್ಲಿ ಮೈಕಿನ ಹೆಸರಿರಬೇಕು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿರಬೇಕು. ಹೆಸರೇ ಇಲ್ಲದಿದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ. ಸಾಮಾನ್ಯ ಯುಎಸ್‌ಬಿ ಕೇಬಲಿನಲ್ಲಿ ವಿದ್ಯುತ್ತಿಗೆ ಎರಡು, ದತ್ತಾಂಶಕ್ಕೆ ಎರಡು ಎಂದು ನಾಲ್ಕು ತಂತಿಗಳಿರುತ್ತವೆ. ಅಗ್ಗದ ಚಾರ್ಜಿಂಗ್ ಕೇಬಲುಗಳಲ್ಲಿ ದತ್ತಾಂಶದ ಎರಡು ತಂತಿಗಳನ್ನೇ ಹಾಕಿರುವುದಿಲ್ಲ. ಹಾಗಾಗಿ ಮೈಕಿನ ದೀಪ ಚೆನ್ನಾಗಿ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಬಂದ ಸುದ್ದಿಯೇ ಇರುವುದಿಲ್ಲ. ದೀಪ ಉರಿದದ್ದರಿಂದ ಸಾಬೀತಾಗುವುದು 5 ವೋಲ್ಟ್ ತಲಪಿದೆ ಎಂಬುದೊಂದೇ. ಅದೇ ಕೇಬಲಿನಲ್ಲಿ ಫೋನನ್ನು ಕಂಪ್ಯೂಟರಿಗೆ ಸೇರಿಸಿ, ಫೋಟೋಗಳು ತೆರೆಯುತ್ತವೆಯೇ ಎಂದು ನೋಡಿದರೆ ಅನುಮಾನ ಒಂದೇ ನಿಮಿಷದಲ್ಲಿ ತೀರುತ್ತದೆ.

ಕೇಬಲ್ ಸರಿಯಿದ್ದರೆ ಮುಂದಿನದು ಹಬ್, ಅಂದರೆ ಒಂದು ಕಿಂಡಿಯನ್ನು ಹಲವಾಗಿಸುವ ಡಬ್ಬಿ. ಒಂದು ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡಬಲ್ಲದ್ದು 500 ಮಿಲಿಆಂಪಿಯರ್. ಅದಕ್ಕೊಂದು ಹಬ್ ಸಿಕ್ಕಿಸಿ ಮೌಸ್, ಹಾರ್ಡ್ ಡಿಸ್ಕ್, ಡಾಂಗಲ್ ಎಲ್ಲವನ್ನೂ ಅದರಿಂದಲೇ ನಡೆಸಿದರೆ ಮೈಕಿಗೆ ಉಳಿಯುವುದು ಸ್ವಲ್ಪ. ಇಲ್ಲಿನ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವ ಕಿಟಕಿ ಒಂದು ಕಡೆ, ಕೂರುವ ಜಾಗ ಇನ್ನೊಂದು ಕಡೆ ಇರುವುದರಿಂದ ಉದ್ದದ ಕೇಬಲ್ ಎಳೆಯುವ ಅಭ್ಯಾಸವೂ ಇದೆ. ಯುಎಸ್‌ಬಿ 2.0 ತಂತಿಗೆ 5 ಮೀಟರ್ ಎಂಬ ಮಿತಿಯಿದೆ. ಅದನ್ನು ಮೀರಿ ಜೋಡಣೆಯ ಮೇಲೆ ಜೋಡಣೆ ಹಾಕಿದರೆ ಮೈಕ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಪರೀಕ್ಷೆಯ ಮಟ್ಟಿಗಾದರೂ ಮೈಕಿನೊಡನೆ ಬಂದ ಕೇಬಲನ್ನೇ ಬಳಸಿ, ಕಂಪ್ಯೂಟರಿನ ಕಿಂಡಿಗೆ ನೇರವಾಗಿ ಹಾಕಬೇಕು. ಇಂಥ ಮೈಕುಗಳಲ್ಲಿ ಹೆಚ್ಚಿನವಕ್ಕೆ ಡ್ರೈವರ್ ಬೇಕಿಲ್ಲವಾದ್ದರಿಂದ, ಡ್ರೈವರ್ ಹುಡುಕುತ್ತ ಸಿಕ್ಕಸಿಕ್ಕ ತಾಣಗಳಿಂದ ಏನನ್ನಾದರೂ ಇಳಿಸಿಕೊಳ್ಳುವುದು ತಲೆನೋವನ್ನು ಕರೆದು ಕೂರಿಸಿಕೊಂಡಂತೆ.

ಹೆಸರು ಕಾಣುತ್ತಿದೆ, ಆದರೆ ಮೌನ ಎಂದಾದರೆ ಅನುಮತಿಯನ್ನು ನೋಡಬೇಕು. ವಿಂಡೋಸ್ 10 ಮತ್ತು 11ರ ಪ್ರೈವೆಸಿ ವಿಭಾಗದಲ್ಲಿ ಮೈಕ್ರೋಫೋನ್ ಎಂಬ ಪುಟವಿದೆ. ಅಲ್ಲಿ ಆ್ಯಪ್‌ಗಳಿಗೆ ಒಂದು, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಇನ್ನೊಂದು ಎಂದು ಬೇರೆ ಬೇರೆ ಅನುಮತಿಗಳಿವೆ, ಎರಡನೆಯದು ಪುಟದ ಕೆಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬ್ರೌಸರಿನಲ್ಲಿ ನಡೆಯುವ ಕರೆಗಳಿಗೆ ವಿಳಾಸಪಟ್ಟಿಯ ಎಡಗಡೆಯ ಚಿಹ್ನೆಯನ್ನು ಒತ್ತಿ ಅನುಮತಿ ಕೊಡಬೇಕಾಗುತ್ತದೆ. ಮ್ಯಾಕ್‌ನಲ್ಲಿ ಅನುಮತಿ ಕೊಟ್ಟ ಮೇಲೆ ಆ ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆಯಬೇಕು.

ಇನ್ನು ಮುಖ್ಯ ಪರೀಕ್ಷೆ. ಹಲವು ಯುಎಸ್‌ಬಿ ಮೈಕುಗಳ ತಳದಲ್ಲೋ ಬೆನ್ನಲ್ಲೋ ಇಯರ್‌ಫೋನಿಗೆಂದು ಒಂದು ಕಿಂಡಿ ಇರುತ್ತದೆ. ಅದಕ್ಕೆ ತಂತಿಯ ಇಯರ್‌ಫೋನ್ ಹಾಕಿ ಮಾತಾಡಿದರೆ, ನಮ್ಮ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ, ಮೈಕಿನ ಒಳಗಿನಿಂದ ನೇರವಾಗಿ ನಮಗೆ ಕೇಳಿಸುತ್ತದೆ. ಈ ಕಿಂಡಿ ನಮ್ಮ ಅನುಕೂಲಕ್ಕೆ ಮಾಡಿದ್ದಾದರೂ, ದೋಷ ಹುಡುಕುವವನಿಗೆ ಇದು ವೈದ್ಯರ ಸ್ಟೆತಾಸ್ಕೋಪ್ ಇದ್ದಂತೆ. ಇಲ್ಲಿ ಧ್ವನಿ ಸ್ವಚ್ಛವಾಗಿದ್ದು ರೆಕಾರ್ಡಿಂಗಿನಲ್ಲಿ ಕೆಟ್ಟಿದ್ದರೆ ಪೊರೆ, ವರ್ಧಕ ಎರಡೂ ಸರಿಯಿವೆ. ಹುಡುಕಬೇಕಾದದ್ದು ಅಲ್ಲಿಂದ ಆಚೆ, ಹೆಚ್ಚಾಗಿ ಕಂಪ್ಯೂಟರಿನಲ್ಲಿ. ಇಲ್ಲಿಯೇ ಕೆಟ್ಟಿದ್ದರೆ ಕಂಪ್ಯೂಟರಿನ ಯಾವ ಸೆಟ್ಟಿಂಗನ್ನೂ ಮುಟ್ಟಿ ಪ್ರಯೋಜನವಿಲ್ಲ. ಇದರಲ್ಲೊಂದು ಬಲೆಯೂ ಇದೆ: ಇಲ್ಲಿ ಧ್ವನಿ ಕೇಳಿದ ಮಾತ್ರಕ್ಕೆ ಅದು ಕಂಪ್ಯೂಟರಿಗೆ ತಲಪಿದೆ ಎಂದಾಗದು. "ನನಗೆ ನನ್ನ ಧ್ವನಿ ಕೇಳುತ್ತಿದೆಯಲ್ಲ, ನಿಮಗೇಕೆ ಕೇಳುವುದಿಲ್ಲ?" ಎಂದು ಸಂದರ್ಶನದ ಕರೆಯಲ್ಲಿ ಕೂತು ಹತ್ತು ನಿಮಿಷ ವಾದಿಸಿದ ಹುಡುಗನೊಬ್ಬ ನಮ್ಮ ನೆರೆಯಲ್ಲೇ ಇದ್ದಾನೆ.

ಮೈಕಿನ ಮೈಮೇಲಿನ ತಿರುಗುಗುಂಡಿಗಳ ಬಗೆಗೂ ಇಲ್ಲಿಯೇ ಹೇಳಬೇಕು. ಒಂದು ಗುಂಡಿ ಇಯರ್‌ಫೋನಿನ ಸದ್ದಿಗೆ, ಇನ್ನೊಂದು ಗೇನ್‌ಗೆ, ಅಂದರೆ ಮೈಕ್ ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬೇಕು ಎಂಬುದಕ್ಕೆ. ಒಂದೇ ಗುಂಡಿ ಇರುವ ಮೈಕುಗಳಲ್ಲಿ ಅದು ಬಹಳ ಸಲ ಇಯರ್‌ಫೋನಿನದ್ದೇ. ಅದನ್ನು ಕೊನೆಯವರೆಗೆ ತಿರುಗಿಸಿದರೂ ರೆಕಾರ್ಡಿಂಗ್ ಒಂದಿಷ್ಟೂ ಜೋರಾಗುವುದಿಲ್ಲ.

ಗೇನ್ ಹೊಂದಿಸುವಾಗ, ಸಹಜವಾಗಿ ಮಾತಾಡುವಾಗಿನ ಅತಿ ಎತ್ತರದ ಸದ್ದು, ಸೊನ್ನೆಯೇ ತುದಿಯಾಗಿರುವ ಅಳತೆಪಟ್ಟಿಯಲ್ಲಿ ಮೈನಸ್ 12 ಡೆಸಿಬೆಲ್‌ನ ಸುತ್ತ ಇರಬೇಕು, ನಕ್ಕಾಗಲೂ ಕೂಗಿದಾಗಲೂ ಮೈನಸ್ 6 ದಾಟದಿದ್ದರೆ ಒಳ್ಳೆಯದು. ಸೊನ್ನೆ ಮುಟ್ಟಿದ ಸದ್ದಿನ ತಲೆ ಕತ್ತರಿಸಿಹೋಗುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ಪೂರ್ತಿಯಾಗಿ ಮರಳಿ ತರಲಾರದು. ದುಡಿಯಂಥ ವಾದ್ಯದಲ್ಲಿ ಇದು ಬೇಗ ತಿಳಿಯುತ್ತದೆ: ಹಾಡಿನ ಮಟ್ಟಕ್ಕೆ ಗೇನ್ ಇಟ್ಟರೆ ಕೋಲಿನ ಪ್ರತಿ ಪೆಟ್ಟೂ ಒಡೆದ ತಗಡಿನಂತೆ ಕೇಳುತ್ತದೆ. ಅಲ್ಲಿ ಪೆಟ್ಟನ್ನು ನೋಡಿಯೇ ಗೇನ್ ಇಡಬೇಕು, ಹಾಡುವವರನ್ನು ಮೈಕಿಗೆ ಹತ್ತಿರ ಕೂರಿಸಬೇಕು. ಮಾತಿಗಾದರೆ ಬಾಯಿಂದ ಮೈಕಿಗೆ ಒಂದು ಗೇಣಿಗಿಂತ ತುಸು ಕಡಿಮೆ, 15ರಿಂದ 20 ಸೆಂಟಿಮೀಟರ್, ಸಾಕು. ಆ ದೂರವನ್ನು ಅರ್ಧಕ್ಕಿಳಿಸಿದರೆ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. "ಸ್" ಎಂಬ ಹಿನ್ನೆಲೆಯ ಸದ್ದು ಹೆಚ್ಚೆಂದು ದೂರುವವರಿಗೆ ನಾನು ಹೇಳುವುದು ಇಷ್ಟೇ: ಹತ್ತಿರ ಬನ್ನಿ, ಗೇನ್ ಇಳಿಸಿ. ಎದುರಿನಿಂದ ಮಾತಾಡಬೇಕಾದ ಮೈಕಿನ ನೆತ್ತಿಗೆ ಬಾಯಿಟ್ಟು ಮಾತಾಡುವುದೂ ಸಾಮಾನ್ಯ ತಪ್ಪು. ತಯಾರಕರ ಗುರುತು ಅಥವಾ ಹೃದಯದಾಕಾರದ ಚಿಹ್ನೆ ಇರುವ ಮುಖವೇ ಸಾಧಾರಣವಾಗಿ ಅದರ ಮುಂಭಾಗ.

ಸದ್ದುಗಳ ವಿಚಾರಕ್ಕೆ ಬಂದರೆ, ಪ್ರತಿ ದೋಷಕ್ಕೂ ಅದರದೇ ದನಿಯಿದೆ. ಹತ್ತು ಸೆಕೆಂಡು ಮಾತಾಡಿ, ನಂತರ ಮೂವತ್ತು ಸೆಕೆಂಡು ಸುಮ್ಮನಿದ್ದು ರೆಕಾರ್ಡ್ ಮಾಡಿ, ಆ ಮೌನವನ್ನು ಇಯರ್‌ಫೋನಿನಲ್ಲಿ ಸದ್ದು ಏರಿಸಿ ಕೇಳಬೇಕು.

ಜೇನುಗೂಡಿನಂಥ "ಗುಂ" ಎಂಬ ತಗ್ಗಿದ ಮೊರೆತ ಕೇಳಿದರೆ ಅದು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಇಲ್ಲವೇ ಅದರ ದುಪ್ಪಟ್ಟು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಬೇಕು. ಮೊರೆತ ನಿಂತರೆ ದಾರಿ ಸಿಕ್ಕಿತು. ಮೈಕಿನ ಲೋಹದ ಮೈಯನ್ನು ಕೈಯಲ್ಲಿ ಹಿಡಿದಾಗ ಮೊರೆತ ತಗ್ಗಿ, ಬಿಟ್ಟಾಗ ಏರುವುದಾದರೆ ಅರ್ತಿಂಗ್ ಸರಿಯಿಲ್ಲವೆಂದು ಅನುಮಾನಿಸಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರದಿರುವುದುಂಟು. ಇದು ಎಲೆಕ್ಟ್ರಿಷಿಯನ್ ನೋಡಬೇಕಾದ ಕೆಲಸ. ಮೊರೆತ ನಿಲ್ಲಲೆಂದು ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಮುರಿಯುವುದು ಪ್ರಾಣಕ್ಕೆ ಅಪಾಯ. ಕರೆಂಟ್ ಇದ್ದಾಗ ಸರಿಯಿದ್ದು, ಇನ್ವರ್ಟರ್ ಶುರುವಾದೊಡನೆ ಒರಟಾದ "ಜರ್ರ್" ಸದ್ದು ಬಂದರೆ ಅದು ಚೌಕ ಅಲೆಯ ಇನ್ವರ್ಟರಿನ ಗುಣ. ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ತೊಂದರೆ ಬಹಳ ಕಡಿಮೆ. ಇನ್ವರ್ಟರ್ ಬದಲಿಸುವಷ್ಟು ಹಣ ಹಾಕುವ ಮೊದಲು, ಕರೆಯ ಹೊತ್ತಿಗೆ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಟ್ಟು ಚಾರ್ಜರ್ ಕೀಳುವುದು ಬಿಟ್ಟಿ ಪರಿಹಾರ.

ಸೊಳ್ಳೆ ಕೊರೆದಂಥ, ಒಂದೇ ಸ್ವರದ ಸಣ್ಣ ಕೀರಲು ಸದ್ದು ಬಂದರೆ ಅದರ ಮೂಲ ಯುಎಸ್‌ಬಿಯೇ. ಧ್ವನಿಯ ದತ್ತಾಂಶ ಸೆಕೆಂಡಿಗೆ ಸಾವಿರ ಕಂತುಗಳಲ್ಲಿ ಸಾಗುವಾಗ ಪ್ರತಿ ಕಂತಿಗೂ ವಿದ್ಯುತ್ತಿನಲ್ಲಿ ಒಂದು ಸಣ್ಣ ತೊನೆತ ಉಂಟಾಗಿ, ಅದು 1000 ಹರ್ಟ್ಸ್‌ನ ಸ್ವರವಾಗಿ ಧ್ವನಿಯೊಳಗೆ ನುಸುಳುತ್ತದೆ. ಕಿಂಡಿ ಬದಲಾಯಿಸುವುದು, ಕೇಬಲ್ ಗಿಡ್ಡ ಮಾಡುವುದು, ತನ್ನದೇ ವಿದ್ಯುತ್ತಿರುವ ಹಬ್ ಬಳಸುವುದು ಇದಕ್ಕೆ ಮದ್ದು.

ಮೂರನೆಯದು ಚಟಪಟ ಸದ್ದು. ನಮ್ಮ ಕಡೆ ಅತಿ ಹೆಚ್ಚು ತಪ್ಪು ನಿರ್ಣಯವಾಗುವುದು ಇದರಲ್ಲೇ, ಏಕೆಂದರೆ ಒಂದೇ ಹೆಸರಿನಲ್ಲಿ ಎರಡು ದೋಷಗಳಿವೆ. ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿ ದತ್ತಾಂಶ ತಪ್ಪಿಹೋದಾಗ ಬರುವ ಚಟಪಟದಲ್ಲಿ ಮಾತಿನ ಅಕ್ಷರಗಳೇ ಕತ್ತರಿಸಿರುತ್ತವೆ, ಅದು ಮೈಕಿನ ಇಯರ್‌ಫೋನ್ ಕಿಂಡಿಯಲ್ಲಿ ಕೇಳಿಸುವುದಿಲ್ಲ. ತೆರೆದಿಟ್ಟ ಇತರ ತಂತ್ರಾಂಶಗಳನ್ನು ಮುಚ್ಚಿ, ರೆಕಾರ್ಡಿಂಗ್ ತಂತ್ರಾಂಶದಲ್ಲಿ ಬಫರ್ (ದತ್ತಾಂಶವನ್ನು ತುಸು ಹೊತ್ತು ಕೂಡಿಡುವ ಜಾಗ) ಗಾತ್ರ ಹೆಚ್ಚಿಸಿ, ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್‌ಗಳ ವಿದ್ಯುತ್ ಉಳಿತಾಯವನ್ನು ನಿಲ್ಲಿಸಿದರೆ ಹೆಚ್ಚಾಗಿ ಹೋಗುತ್ತದೆ. ತೇವದಿಂದ ಬರುವ ಚಟಪಟ ಬೇರೆ. ಅದು ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ, ಯಾವ ಲಯವೂ ಇಲ್ಲದೆ, ನಾವು ಸುಮ್ಮನಿದ್ದಾಗಲೂ ಸಿಡಿಯುತ್ತಿರುತ್ತದೆ, ಮಾತಿನ ಅಕ್ಷರಗಳು ಮಾತ್ರ ಪೂರ್ತಿಯಾಗಿರುತ್ತವೆ, ಮತ್ತು ಮೈಕಿನ ಇಯರ್‌ಫೋನಿನಲ್ಲೂ ಹಾಗೆಯೇ ಕೇಳುತ್ತದೆ. ಪೊರೆಯ ಮೇಲೂ ಅದರ ಅಂಚಿನಲ್ಲೂ ತೇವ ಕೂತಾಗ, ಅಲ್ಲಿ ನಿಲ್ಲಬೇಕಾದ ವಿದ್ಯುದಾವೇಶ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುವುದೇ ಇದರ ಕಾರಣ.

ಕಕ್ಕಡದ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳ, ಮಳೆಯಲ್ಲಿ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡವರಿಗೆ ಇದರ ಚಿಕಿತ್ಸೆಯನ್ನು ವಿವರಿಸಬೇಕಾಗಿಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳೊಡನೆ ಮೈಕನ್ನು ಒಂದೆರಡು ದಿನ ಮುಚ್ಚಿಟ್ಟು, ಮತ್ತೆ ಆ ಮೂವತ್ತು ಸೆಕೆಂಡಿನ ಮೌನವನ್ನು ರೆಕಾರ್ಡ್ ಮಾಡಿ ಹಳೆಯದರೊಡನೆ ಹೋಲಿಸಬೇಕು. ಸಿಡಿತ ಕಡಿಮೆಯಾಗಿದ್ದರೆ ರೋಗ ತೇವದ್ದೇ, ಮೈಕ್ ಉಳಿಯಿತು. ಅಕ್ಕಿಯ ಡಬ್ಬದಲ್ಲಿ ಹೂಳುವುದರಿಂದ ಜಾಲರಿಯೊಳಗೆ ಹಿಟ್ಟಿನ ಧೂಳು ಸೇರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಯ ಜಿಡ್ಡು ಕೂರುತ್ತದೆ. ಹೇರ್ ಡ್ರೈಯರ್ ಹಿಡಿದರೆ ಪೊರೆಯೇ ಸುಕ್ಕಾಗಬಹುದು. ಮೂರೂ ಬೇಡ. ಮಡಿಕೇರಿಯ ಮಂಜಿನಲ್ಲಿ ತಣ್ಣಗಾದ ಮೈಕನ್ನು ಬೆಚ್ಚಗಿನ ಕೋಣೆಗೆ ತಂದೊಡನೆ ಚಾಲೂ ಮಾಡದೆ, ಚೀಲದಲ್ಲೇ ಅರ್ಧ ಗಂಟೆ ಬಿಟ್ಟರೆ ಒಳಗೆ ಹನಿ ಕಟ್ಟುವುದು ತಪ್ಪುತ್ತದೆ. ಡಬ್ಬದಲ್ಲಿ ಒಣಗಿಸಿದ ಮೇಲೂ ಬೇಸಿಗೆಯಲ್ಲೂ ಸಿಡಿಯುತ್ತಲೇ ಇದ್ದರೆ ಮಾತ್ರ ಪೊರೆಯಲ್ಲೋ ವರ್ಧಕದಲ್ಲೋ ದೋಷವಿದೆ ಎನ್ನಬಹುದು.

ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ದೋಷವಲ್ಲ, ಮೈಕ್ ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು ಒಂದೇ ದಿಕ್ಕಿನಿಂದ ಬರುವುದರಿಂದ ಮೈಕಿನ ಬೆನ್ನನ್ನು ಅತ್ತ ತಿರುಗಿಸಿ ತಪ್ಪಿಸಿಕೊಳ್ಳಬಹುದು. ಮಳೆಯಾದರೋ ನೆತ್ತಿಯ ಮೇಲೆಲ್ಲ ಹರಡಿರುತ್ತದೆ. ಹಲಗೆಯ ಅಟ್ಟವಿರುವ ಒಳಕೋಣೆಗೆ ಹೋಗುವುದು, ಇಲ್ಲವೇ ಮಳೆ ಬಿಡುವು ಕೊಡುವವರೆಗೆ ಕಾಯುವುದು, ಇವೆರಡೇ ದಾರಿ.

ಧ್ವನಿ ಗಿಳಿಯಂತೆ ಕೀಚಲಾಗಿಯೋ ನಿದ್ದೆಗಣ್ಣಿನವರಂತೆ ಎಳೆದೋ ಕೇಳಿದರೆ ಮಾದರಿ ದರದ (ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುವುದು ಎಂಬುದರ) ಹೊಂದಾಣಿಕೆ ತಪ್ಪಿರುತ್ತದೆ. ಒಂದು ಕಡೆ ಸೆಕೆಂಡಿಗೆ 44,100, ಇನ್ನೊಂದು ಕಡೆ 48,000. ಇದಕ್ಕೆ ಗಡಿಯಾರವೇ ಸಾಕ್ಷಿ: ಕೈಗಡಿಯಾರ ನೋಡಿಕೊಂಡು ಸರಿಯಾಗಿ 60 ಸೆಕೆಂಡು ರೆಕಾರ್ಡ್ ಮಾಡಿದ್ದು ಕಡತದಲ್ಲಿ 55 ಸೆಕೆಂಡೋ 65 ಸೆಕೆಂಡೋ ಎಂದು ಕಾಣಿಸಿದರೆ ಅನುಮಾನವೇ ಬೇಡ. ಎರಡೂ ಕಡೆ 48,000 ಎಂದು ಇಟ್ಟರೆ ಮುಗಿಯಿತು.

ರೆಕಾರ್ಡಿಂಗಿನಲ್ಲಿ ಎಲ್ಲವೂ ಸರಿಯಿದ್ದು ಕರೆಯಲ್ಲಿ ಮಾತ್ರ ಕೆಟ್ಟರೆ, ಮೈಕನ್ನು ಪಕ್ಕಕ್ಕಿಟ್ಟು ಕರೆಯ ತಂತ್ರಾಂಶವನ್ನು ನೋಡಬೇಕು. ಅದು ವಿಂಡೋಸ್‌ನ ಆಯ್ಕೆಯನ್ನು ಲೆಕ್ಕಿಸದೆ ತನ್ನದೇ ಮೈಕನ್ನು ಹಿಡಿದಿರಬಹುದು. ಉಗುರಿನ ಪರೀಕ್ಷೆಯನ್ನು ಅಲ್ಲಿಯೂ ಮತ್ತೊಮ್ಮೆ ಮಾಡಬೇಕು. ಗದ್ದಲ ತಗ್ಗಿಸುವ ಸೌಲಭ್ಯ ಮಾತಿಗೆ ಒಳ್ಳೆಯದು, ಹಾಡಿಗೂ ವಾದ್ಯಕ್ಕೂ ಶತ್ರು: ದುಡಿಯ ಸದ್ದನ್ನು ಅದು ಗದ್ದಲವೆಂದೇ ತಿಳಿದು ಒರೆಸಿಹಾಕುತ್ತದೆ. ಜೂಮ್‌ನಲ್ಲಿ ಇದಕ್ಕೆಂದೇ 'ಒರಿಜಿನಲ್ ಸೌಂಡ್' ಎಂಬ ಆಯ್ಕೆಯಿದೆ. ಎದುರಿನವರಿಗೆ ಅವರದೇ ಧ್ವನಿ ಮರಳಿ ಕೇಳುತ್ತಿದ್ದರೆ ನಮ್ಮ ಸ್ಪೀಕರಿನ ಸದ್ದನ್ನು ನಮ್ಮ ಮೈಕ್ ಹಿಡಿಯುತ್ತಿದೆ ಎಂದರ್ಥ. ಇಯರ್‌ಫೋನ್ ಹಾಕಿಕೊಂಡರೆ ಆಯಿತು. ಮಾತು ತುಂಡು ತುಂಡಾಗಿ ಹೋಗುತ್ತಿದೆ ಎಂದು ಅವರು ಹೇಳಿದಾಗ, ಅದೇ ಹೊತ್ತಿನಲ್ಲಿ ನಮ್ಮ ಕಂಪ್ಯೂಟರಿನಲ್ಲಿ ಆಗುತ್ತಿರುವ ರೆಕಾರ್ಡಿಂಗ್ ಸ್ವಚ್ಛವಾಗಿದ್ದರೆ, ಕೆಟ್ಟಿರುವುದು ನೆಟ್‌ವರ್ಕ್.

ಮುಖ್ಯವಾದ ಕರೆಗೆ ಕಾಲು ಗಂಟೆ ಮೊದಲು ನಾನು ಮಾಡುವುದು ಇಷ್ಟು: ಕೇಬಲನ್ನು ನೇರ ಕಿಂಡಿಗೆ ಹಾಕಿ, ಮ್ಯೂಟ್ ದೀಪ ನೋಡಿ, ಕರೆಯ ತಂತ್ರಾಂಶದೊಳಗೆ ಉಗುರಿನ ಪರೀಕ್ಷೆ ಮಾಡಿ, ಒಂದಷ್ಟು ಮಾತು ಮತ್ತು ಅರ್ಧ ನಿಮಿಷದ ಮೌನ ರೆಕಾರ್ಡ್ ಮಾಡಿ ಕೇಳಿ, ಚಾರ್ಜರ್ ಕಿತ್ತು ಇನ್ನೊಮ್ಮೆ ಕೇಳುತ್ತೇನೆ. ಮೌನದ ಆ ತುಣುಕುಗಳನ್ನು ದಿನಾಂಕ ಹಾಕಿ ಉಳಿಸಿಕೊಂಡಿದ್ದೇನೆ. ಮಾರ್ಚ್‌ನದ್ದನ್ನೂ ಜುಲೈಯದ್ದನ್ನೂ ಒಂದರ ಹಿಂದೊಂದು ಕೇಳಿದರೆ ಮೈಕಿಗೆ ತೇವ ಯಾವಾಗ ಹಿಡಿಯತೊಡಗಿತು ಎಂಬುದು ಅಂಗಡಿಯವನಿಗೂ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಂಜೆಗಳಲ್ಲಾದರೆ, ಮೊದಲ ಮಿಂಚು ಕಂಡೊಡನೆ ಲ್ಯಾಪ್‌ಟಾಪಿನ ಚಾರ್ಜರನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತು, ಮೈಕನ್ನು ಡಬ್ಬಕ್ಕೆ ಹಾಕಿ ಮುಚ್ಚಿಬಿಡುತ್ತೇನೆ.